ಕೆಲಸದ ಮಾತು: ‘ಅವರಿಗೆ ಯಾವ ಕೆಲಸ ಕೊಡೋದು ಮೇಡಂ?’

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಸುತ್ತ ಇದ್ದವು. ವಿಕಲಚೇತನರನ್ನು ಕೆಲಸಕ್ಕೆ ತೆಗೆದುಕೊಳ್ಳೋದು ಹೇಗೆ, ತೆಗೆದುಕೊಂಡ ಮೇಲೆ ಏನು ಮಾಡೋದು ಅಂತ. ಹಾಗಾಗಿ ಪಿಎಫ್, ಗ್ರಾಚ್ಯುಟಿ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಹೊಸ ಓದುಗರಿಗೆ ಎರಡು ಮಾತು: ನಾನು ಪೀಣ್ಯದ ಕಾರ್ಖಾನೆಗಳ ಪರ್ಸನಲ್ ಡಿಪಾರ್ಟ್‌ಮೆಂಟಿನಲ್ಲಿ ದುಡಿದು ನಿವೃತ್ತಳಾದವಳು. ಚಿಕ್ಕಂದಿನಲ್ಲಿ ಪೋಲಿಯೊ ಬಂದು, ಎಡಗಾಲಿಗೆ ಕ್ಯಾಲಿಪರ್ ಹಾಕಿಕೊಂಡು ನಡೆಯುವವಳು. ಇಂಟರ್‌ವ್ಯೂ ಕೊಟ್ಟೂ ಗೊತ್ತು, ತೆಗೆದುಕೊಂಡೂ ಗೊತ್ತು.

ಪ್ರಶ್ನೆ: ನಮ್ಮದು 35 ಮೆಷಿನ್‌ಗಳ ಸಣ್ಣ ಗಾರ್ಮೆಂಟ್ಸ್ ಘಟಕ. ಟೈಲರ್ ಕೆಲಸ ಕೇಳಿಕೊಂಡು ಕಿವಿ ಕೇಳದ, ಮಾತು ಬಾರದ ಹೆಣ್ಣುಮಗಳೊಬ್ಬಳು ಬಂದಿದ್ದಾಳೆ. ಕೈ ಚೆನ್ನಾಗಿದೆ. ಆದರೆ ನಮ್ಮ ಸೂಪರ್‌ವೈಸರ್ ಒಪ್ಪುತ್ತಿಲ್ಲ. ‘ಬೆಂಕಿ ಬಿದ್ದು ಸೈರನ್ ಆದರೆ ಅವಳಿಗೆ ಹೇಗೆ ಗೊತ್ತಾಗುತ್ತೆ? ಹೊಲಿಗೆ ತಪ್ಪಿ ಪೀಸ್ ಆಲ್ಟ್ರೇಷನ್‌ಗೆ ವಾಪಸ್ ಬಂದರೆ ಹೇಗೆ ಹೇಳೋದು?’ ಅಂತಾರೆ. ಅವರ ಮಾತಿನಲ್ಲೂ ಹುರುಳಿದೆ ಅನ್ನಿಸುತ್ತೆ. ಏನು ಮಾಡಲಿ?
— ಘಟಕದ ಮಾಲೀಕರು, ತುಮಕೂರು

ಉತ್ತರ: ಸೂಪರ್‌ವೈಸರ್ ಕೇಳಿದ ಎರಡೂ ಪ್ರಶ್ನೆ ಸರಿಯಾಗಿವೆ. ಆದರೆ ಅವು ಬೇಡ ಅನ್ನೋದಕ್ಕೆ ಕಾರಣವಲ್ಲ, ಮಾಡಬೇಕಾದ ಕೆಲಸದ ಪಟ್ಟಿ.

ಮೊದಲು ಸೈರನ್. ಸೈರನ್ ಆದಾಗ ಮಿನುಗುವ ಕೆಂಪು ದೀಪ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯವರಿಗೆ ಹೇಳಿದರೆ ಹಾಕಿಕೊಡುತ್ತಾರೆ. ಅವಳು ಕೂರುವ ಕಡೆಯಿಂದ ಕಣ್ಣಿಗೆ ಬೀಳುವ ಹಾಗೆ ಒಂದು, ಹೆಂಗಸರ ಶೌಚಾಲಯದಲ್ಲಿ ಒಂದು. ಶೌಚಾಲಯದ್ದನ್ನು ಎಲ್ಲರೂ ಮರೆಯುತ್ತಾರೆ. ದೀಪ ಹಾಕಿಸಿ ಅಷ್ಟಕ್ಕೇ ಬಿಡಬೇಡಿ. ಪಕ್ಕದ ಮೆಷಿನ್‌ನವರಿಗೆ ‘ಏನಾದರೂ ಆದರೆ ಇವಳನ್ನು ಕರೆದುಕೊಂಡು ಹೊರಡೋದು ನಿನ್ನ ಜವಾಬ್ದಾರಿ’ ಅಂತ ಹೆಸರು ಹಿಡಿದು ಹೇಳಿ. ಎಲ್ಲರಿಗೂ ಹೇಳಿದರೆ ಯಾರಿಗೂ ಹೇಳಿದ ಹಾಗಲ್ಲ.

ಇನ್ನು ಆಲ್ಟ್ರೇಷನ್. ನಿಮ್ಮ ಲೈನ್‌ನಲ್ಲಿ ಮೆಷಿನ್ ಸದ್ದಿನ ನಡುವೆ ಯಾರಾದರೂ ಮಾತಿನಲ್ಲಿ ವಿವರಿಸೋದು ನೋಡಿದ್ದೀರಾ? ಸೂಪರ್‌ವೈಸರ್ ಪೀಸ್ ತಂದು, ಹೊಲಿಗೆ ಎಲ್ಲಿ ಜಾರಿದೆ ಅಂತ ಬೆರಳಿಟ್ಟು ತೋರಿಸಿ ಹೋಗುತ್ತಾರೆ. ಅದನ್ನೇ ಇವಳಿಗೂ ಮಾಡೋದು. ಸರಿಯಾದ ಸ್ಯಾಂಪಲ್ ಪೀಸ್ ಒಂದನ್ನು ಅವಳ ಮೆಷಿನ್ ಪಕ್ಕ ನೇತುಹಾಕಿ. ಸೂಜಿ, ದಾರ, ಬಿಚ್ಚು, ಅರ್ಜೆಂಟ್, ಊಟ, ರಜೆ ಇಂಥ ಪದಗಳ ಸನ್ನೆ ಅವಳೇ ಕಲಿಸುತ್ತಾಳೆ. ದೆಹಲಿಯ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರದವರು 10,000 ಪದಗಳ ವಿಡಿಯೊ ನಿಘಂಟು ಮಾಡಿದ್ದಾರೆ, ಯೂಟ್ಯೂಬಿನಲ್ಲಿ ಸಿಗುತ್ತೆ. ಲೈನ್‌ಗೆ ಅದರಲ್ಲಿ ಇಪ್ಪತ್ತು ಸಾಕು.

ಸೂಪರ್‌ವೈಸರ್ ಕೇಳದೇ ಇದ್ದ, ಆದರೆ ಕೇಳಬೇಕಿದ್ದ ವಿಷಯ ಬೇರೆ ಇದೆ. ಮೆಷಿನ್ ಓಡುತ್ತಿರುವಾಗ ಹಿಂದಿನಿಂದ ಬಂದು ಅವಳ ಭುಜ ಮುಟ್ಟಬಾರದು. ಬೆಚ್ಚಿದರೆ ಬೆರಳು ಸೂಜಿಯ ಕೆಳಗೆ ಹೋಗುತ್ತೆ. ಎದುರಿಗೆ ಬಂದು ಕೈ ಬೀಸಬೇಕು. ನಾನು ಕಂಡ ಒಂದು ಲೈನ್‌ನಲ್ಲಿ ಮೆಷಿನ್ ತಲೆಯ ಮೇಲೆ ಸ್ಕೂಟರ್ ಕನ್ನಡಿ ಕಟ್ಟಿದ್ದರು. ಹಿಂದೆ ಯಾರು ಬಂದರೂ ಕಾಣುತ್ತಿತ್ತು. ಆ ಉಪಾಯ ಮಾಡಿದ್ದು ಯಾವ ಎಂಜಿನಿಯರೂ ಅಲ್ಲ, ಆ ಟೈಲರ್ ಹುಡುಗಿಯೇ.

ಕಿವಿ ಕೇಳದವರಿಗೆ ಕಾರ್ಖಾನೆಯಲ್ಲಿ ಆಗುವ ನಿಜವಾದ ತೊಂದರೆ ಹೊಲಿಗೆಯದ್ದಲ್ಲ, ಸುದ್ದಿಯದ್ದು. ‘ನಾಳೆ ರಜೆ, ಭಾನುವಾರ ಡ್ಯೂಟಿ’ ಅಂತ ಸಂಜೆ ಒಬ್ಬರು ಕೂಗಿ ಹೇಳುತ್ತಾರೆ. ಎಲ್ಲರೂ ಮನೆಯಲ್ಲಿರುತ್ತಾರೆ, ಇವರೊಬ್ಬರೇ ಡಬ್ಬಿ ಹಿಡಿದು ಬಂದು ಗೇಟಿನ ಮುಂದೆ ನಿಂತಿರುತ್ತಾರೆ. ಬೋರ್ಡಿನ ಮೇಲೆ ಬರೆಸಿ, ವಾಟ್ಸ್ಆ್ಯಪ್‌ನಲ್ಲಿ ಹಾಕಿಸಿ. ಉದ್ದುದ್ದ ವಾಕ್ಯ ಬೇಡ. ಸನ್ನೆ ಭಾಷೆಗೆ ಅದರದ್ದೇ ವ್ಯಾಕರಣ, ಅದರಲ್ಲೇ ಬೆಳೆದವರಿಗೆ ಬರಹದ ಕನ್ನಡ ಎರಡನೇ ಭಾಷೆ ಇದ್ದ ಹಾಗೆ. ‘20 ತಾರೀಕು ರಜೆ’ ಅಂದರೆ ಸಾಕು.

ಸಾಧ್ಯವಾದರೆ ಒಬ್ಬರ ಬದಲು ಇಬ್ಬರನ್ನು ತೆಗೆದುಕೊಳ್ಳಿ. ಊಟದ ಹೊತ್ತಿನಲ್ಲಿ ಮಾತಾಡೋಕೆ ಯಾರೂ ಇಲ್ಲದಿದ್ದರೆ, ಸಂಬಳ ಎಷ್ಟೇ ಇದ್ದರೂ ಹುಡುಗಿ ನಿಲ್ಲುವುದಿಲ್ಲ. ತರಬೇತಿ ಪಡೆದವರು ಬೇಕಿದ್ದರೆ ಬೆಂಗಳೂರಿನ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, ಸಮರ್ಥನಂ, ಎನೇಬಲ್ ಇಂಡಿಯಾ ಇವರನ್ನು ಕೇಳಿ. ಮೊದಲನೆಯದು 1959ರಿಂದ ಈ ಕೆಲಸದಲ್ಲಿದೆ.

ಪ್ರಶ್ನೆ: ನಾನು ಪೂರ್ತಿ ಅಂಧೆ. ಬಿ.ಎ. ಮಾಡಿ, ಕಂಪ್ಯೂಟರ್ ತರಬೇತಿಯೂ ಪಡೆದಿದ್ದೇನೆ. ಖಾಸಗಿ ವಿದ್ಯಾಸಂಸ್ಥೆಯೊಂದರ ಕಚೇರಿಯಲ್ಲಿ ಕೆಲಸ ಸಿಕ್ಕಿ ಐದು ತಿಂಗಳಾಯಿತು. ಯಾರೂ ಕೆಟ್ಟವರಲ್ಲ. ಆದರೆ ಕೆಲಸವೇ ಕೊಡುವುದಿಲ್ಲ. ಕೇಳಿದರೆ ಮ್ಯಾನೇಜರ್ ಸರ್ ‘ಸುಮ್ನೆ ಕೂತಿರಮ್ಮ, ಸಂಬಳ ಬರುತ್ತಲ್ಲ’ ಅನ್ನುತ್ತಾರೆ. ಒಮ್ಮೆ ಕೊಟ್ಟ ಕಡತಗಳನ್ನು ನನ್ನ ಕಂಪ್ಯೂಟರ್ ಓದಲಿಲ್ಲ. ಅವತ್ತಿನಿಂದ ‘ಇವಳಿಗೆ ಆಗಲ್ಲ’ ಅಂತ ಆಗಿಬಿಟ್ಟಿದೆ. ಮನೆಯಲ್ಲಿ ಹೇಳಿದರೆ ‘ಪುಣ್ಯ ಮಾಡಿದ್ದೀಯ’ ಅಂತಾರೆ.
— ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಪುಣ್ಯವೂ ಅಲ್ಲ, ಏನೂ ಅಲ್ಲ. ಐದು ತಿಂಗಳು ಗೋಡೆ ನೋಡಿಕೊಂಡು ಕೂರೋದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು. ನಿಮ್ಮ ಮ್ಯಾನೇಜರ್ ಒಳ್ಳೆಯವರಿರಬಹುದು. ಆದರೆ ನಾಳೆ ಖರ್ಚು ಕಡಿಮೆ ಮಾಡಬೇಕು ಅಂತ ಮೇಲಿನಿಂದ ಹೇಳಿದರೆ ಮೊದಲು ಹೋಗುವ ಹೆಸರು ಯಾವುದು? ಕೆಲಸ ಇಲ್ಲದವರದ್ದೇ ಅಲ್ವಾ? ಅದಕ್ಕೇ ಇದನ್ನು ಈಗಲೇ ಸರಿ ಮಾಡಿಕೊಳ್ಳಬೇಕು.

ಆ ಕಡತ ಯಾಕೆ ಓದಲಿಲ್ಲ ಅನ್ನೋದು ನನಗೆ ಇಲ್ಲಿಂದಲೇ ಹೆಚ್ಚುಕಡಿಮೆ ಗೊತ್ತಾಗುತ್ತಿದೆ. ಅದು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಿರಬೇಕು. ನಮ್ಮ ಕಚೇರಿಗಳಲ್ಲಿ ಇನ್ನೂ ಅದೇ ಓಡುತ್ತಿದೆ. ನಿಮಗೆ ಗೊತ್ತಿರಬಹುದು, ಆದರೆ ನಿಮ್ಮ ಮ್ಯಾನೇಜರ್‌ಗೆ ಗೊತ್ತಿಲ್ಲ. ಈ ಪುಟವನ್ನು ಅವರಿಗೆ ತೋರಿಸಿ. ಸರ್, ಆ ಫಾಂಟಿನಲ್ಲಿ ‘ಕನ್ನಡ’ ಅಂತ ಟೈಪ್ ಮಾಡಿದರೆ ನಿಮ್ಮ ಕಣ್ಣಿಗೆ ಕನ್ನಡ ಕಾಣುತ್ತೆ. ಕಂಪ್ಯೂಟರಿನ ಒಳಗೆ ಇರೋದು ಇಂಗ್ಲಿಷಿನ ಪಿ, ಆಮೇಲೆ ತಲೆ ಮೇಲೆ ಗೆರೆ ಇರುವ ಒಂದು ಎ, ಆಮೇಲೆ ಬ್ರಿಟಿಷರ ಪೌಂಡ್ ಗುರುತು! ನೀವು ಫಾಂಟ್ ಬದಲಾಯಿಸಿ ನೋಡಿ, ನಿಮಗೂ ಅದೇ ಕಾಣುತ್ತೆ. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಪಾಪ, ಒಳಗಿದ್ದದ್ದನ್ನು ಇದ್ದ ಹಾಗೇ ಓದಿದೆ. ಓದಲು ಬಾರದೇ ಇದ್ದದ್ದು ಈ ಹುಡುಗಿಗಲ್ಲ.

ಪರಿಹಾರ ಸುಲಭ. ಇನ್ನು ಮುಂದೆ ಯೂನಿಕೋಡ್‌ನಲ್ಲಿ, ಅಂದರೆ ಕನ್ನಡವನ್ನು ಕಂಪ್ಯೂಟರ್ ಕನ್ನಡ ಅಂತಲೇ ಗುರುತಿಸುವ ವ್ಯವಸ್ಥೆಯಲ್ಲಿ ಟೈಪ್ ಮಾಡಿಸಿ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಯೂನಿಕೋಡ್ ಬಳಸಿ ಅಂತ ಸರ್ಕಾರವೇ ಹೇಳಿದೆ, ಹಾಗಾಗಿ ಇದು ಯಾರಿಗೋ ಮಾಡುವ ಉಪಕಾರವೂ ಅಲ್ಲ. ಇನ್ನೊಂದು, ಕಾಗದವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಕಳಿಸಿದರೆ ಅದು ಬರೀ ಫೋಟೊ. ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಯುಮೆಂಟ್ ಆಗಿ ತೆರೆದರೆ ಕನ್ನಡ ಅಕ್ಷರಗಳೂ ಹೊರಗೆ ಬರುತ್ತವೆ. ಸ್ವಲ್ಪ ತಪ್ಪು ಇರುತ್ತೆ, ಕೆಲಸಕ್ಕೆ ಮೋಸ ಇಲ್ಲ.

ಈಗ ನಿಮಗೆ, ತಂಗಿ. ‘ಕೆಲಸ ಕೊಡಿ’ ಅಂತ ಕೇಳಬೇಡಿ. ಹಾಗೆ ಕೇಳಿದರೆ ಯಾವ ಕೆಲಸ ಅಂತ ಅವರು ಯೋಚಿಸಬೇಕು, ಅವರಿಗೆ ಅದು ತೋಚುವುದಿಲ್ಲ. ಹೆಸರಿಟ್ಟು ಕೇಳಿ. ಶುಲ್ಕ ಬಾಕಿ ಇರುವ ಪೋಷಕರಿಗೆ ಫೋನ್ ಮಾಡೋದು, ಹಾಜರಾತಿಯನ್ನು ಎಕ್ಸೆಲ್‌ಗೆ ಹಾಕೋದು, ಬಂದ ಇಮೇಲ್‌ಗಳಿಗೆ ಉತ್ತರ ಬರೆಯೋದು, ಇದರಲ್ಲಿ ಯಾವುದಾದರೂ ಒಂದನ್ನು ‘ಸೋಮವಾರದಿಂದ ನಾನು ನೋಡಿಕೊಳ್ಳುತ್ತೇನೆ ಸರ್’ ಅನ್ನಿ. ಅದಕ್ಕೂ ಮೊದಲು ಮ್ಯಾನೇಜರನ್ನು ಪಕ್ಕದಲ್ಲಿ ಹತ್ತು ನಿಮಿಷ ಕೂರಿಸಿಕೊಂಡು, ಹೆಡ್‌ಫೋನ್ ತೆಗೆದು, ಸ್ಪೀಕರ್ ಹಾಕಿ ಕೆಲಸ ಮಾಡಿ ತೋರಿಸಿ. ಮೌಸ್ ಮುಟ್ಟದೆ ಕೀಲಿಮಣೆಯಲ್ಲೇ ಎಕ್ಸೆಲ್ ಸಾಲುಗಳಲ್ಲಿ ಓಡಾಡೋದು ನೋಡದವರಿಗೆ ನಂಬಿಕೆ ಬರೋದು ಕಷ್ಟ. ನೋಡಿದವರು ಆಮೇಲೆ ತಾವೇ ನಾಲ್ಕು ಜನಕ್ಕೆ ಹೇಳಿಕೊಂಡು ಬರುತ್ತಾರೆ. ಖರ್ಚಿನ ಮಾತು ಬಂದರೆ, ಪರದೆ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಪೂರ್ತಿ ಉಚಿತ ಅಂತ ಹೇಳಿ. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಶುರು ಮಾಡಿದ್ದು. ಕನ್ನಡವನ್ನೂ ಓದುತ್ತೆ. ದನಿ ಸ್ವಲ್ಪ ಡಬ್ಬಿಯೊಳಗಿಂದ ಬಂದ ಹಾಗಿರುತ್ತೆ, ಅಷ್ಟೆ.

ಇಷ್ಟಕ್ಕೂ ಆಗದಿದ್ದರೆ ಕಾನೂನಿನ ದಾರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಖಾಸಗಿಯವರಿಗೂ ಅನ್ವಯಿಸುತ್ತೆ. ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಬರೆದು ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಆ ನೀತಿಯಲ್ಲಿ ಯಾವ ಹುದ್ದೆ, ಯಾವ ಸಾಧನ, ಯಾವ ತರಬೇತಿ ಅಂತ ಇರಬೇಕು, ನೋಡಿಕೊಳ್ಳಲು ಒಬ್ಬ ಸಂಪರ್ಕ ಅಧಿಕಾರಿಯೂ ಇರಬೇಕು. ‘ನಮ್ಮ ನೀತಿಯ ಪ್ರತಿ ಕೊಡಿ’ ಅಂತ ಒಂದು ಸಾಲಿನ ಇಮೇಲ್ ಬರೆಯಿರಿ. ಬಹಳ ಕಡೆ ಅದು ಇರುವುದೇ ಇಲ್ಲ. ಆ ಇಮೇಲ್ ಬಂದ ಮೇಲೆ ಅದನ್ನು ಬರೆಯೋಕೆ ಕೂರುತ್ತಾರೆ, ಆಗ ನಿಮ್ಮನ್ನು ಕರೆದು ಕೇಳಲೇಬೇಕು.

ಸಹೋದ್ಯೋಗಿಗಳು ಕೈ ಹಿಡಿದು ಎಳೆದುಕೊಂಡು ಹೋಗುತ್ತಾರೆ ಅಂತಲೂ ಬರೆದಿದ್ದೀರಿ. ‘ಎಳೆಯಬೇಡಿ, ನಿಮ್ಮ ಮೊಣಕೈ ಕೊಡಿ, ನಾನು ಹಿಡಿದುಕೊಳ್ಳುತ್ತೇನೆ’ ಅನ್ನಿ. ಒಂದು ಸಲ ಹೇಳಿದರೆ ಸಾಕು, ಕಲಿಯುತ್ತಾರೆ.

ಪ್ರಶ್ನೆ: ಇಂಟರ್‌ವ್ಯೂಗೆ ವಿಕಲಚೇತನ ಅಭ್ಯರ್ಥಿ ಬಂದಾಗ ಏನು ಕೇಳಬಹುದು, ಏನು ಕೇಳಬಾರದು?
— ಎಚ್.ಆರ್. ವಿಭಾಗ, ಬೆಂಗಳೂರು

ಉತ್ತರ: ‘ಈ ಹುದ್ದೆಯಲ್ಲಿ ಇಂತಿಂಥ ಕೆಲಸ ಇದೆ, ಹೇಗೆ ಮಾಡುತ್ತೀರಿ? ನಮ್ಮ ಕಡೆಯಿಂದ ಏನು ಬೇಕಾಗಬಹುದು?’ ಇದನ್ನು ಧಾರಾಳವಾಗಿ ಕೇಳಿ. ‘ಇದು ಹುಟ್ಟಿನಿಂದಲಾ, ಆಮೇಲೆ ಆದದ್ದಾ? ಔಷಧಿ ಮಾಡಿಸಿಲ್ವಾ? ಮದುವೆ ಆಗಿದೆಯಾ?’ ಇವು ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುವ ಪ್ರಶ್ನೆಗಳು, ನಿಮಗೆ ಬೇಡ. ನನ್ನ ಮೊದಲ ಇಂಟರ್‌ವ್ಯೂನಲ್ಲಿ ಮೂವರು ಸೇರಿ ಅರ್ಧ ಗಂಟೆ ನಾನು ಮೆಟ್ಟಿಲು ಹತ್ತುತ್ತೇನಾ ಅಂತಲೇ ವಿಚಾರಿಸಿದರು. ಕೆಲಸ ಇದ್ದದ್ದು ನೆಲಮಹಡಿಯಲ್ಲಿ. ಟೈಪಿಂಗ್ ಬರುತ್ತಾ ಅಂತ ಯಾರೂ ಕೇಳಲಿಲ್ಲ.

ಸನ್ನೆ ಭಾಷೆಯ ಅಭ್ಯರ್ಥಿ ಜೊತೆ ದುಭಾಷಿ ಬಂದಿದ್ದರೆ, ನೀವು ಮಾತಾಡಬೇಕಾದ್ದು ಅಭ್ಯರ್ಥಿಯ ಮುಖ ನೋಡಿ. ದುಭಾಷಿಯ ಮುಖ ನೋಡಿ ‘ಇವರಿಗೆ ಎಷ್ಟು ಅನುಭವ?’ ಅಂತ ಕೇಳಬೇಡಿ.

ಪ್ರಶ್ನೆ: ನನ್ನ ಯಜಮಾನರು ಸರ್ಕಾರಿ ಸಾರಿಗೆ ಸಂಸ್ಥೆಯಲ್ಲಿ ಡ್ರೈವರ್. ರಜೆಯ ದಿನ ಬೈಕ್ ಅಪಘಾತವಾಗಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಇನ್ನು ಬಸ್ ಓಡಿಸೋಕಾಗಲ್ಲ. ಡಿಪೊದಲ್ಲಿ ಗೊತ್ತಿದ್ದವರು, ‘ಸ್ವಂತ ಇಚ್ಛೆಯಿಂದ ನಿವೃತ್ತಿ ಅಂತ ಬರೆದುಕೊಡಿ, ಮಗನಿಗೆ ಕೆಲಸ ಕೇಳೋಣ’ ಅಂತಿದ್ದಾರೆ. ಡ್ಯೂಟಿ ಮೇಲೆ ಆಗಿಲ್ಲವಾದ್ದರಿಂದ ಬೇರೆ ದಾರಿ ಇಲ್ಲವಂತೆ. ಅರ್ಜಿ ಬರೆದಿಟ್ಟಿದ್ದೇವೆ, ಕೊಟ್ಟಿಲ್ಲ. ಕೊಡಬಹುದಾ?
— ಒಬ್ಬ ಓದುಗರು, ಹಾವೇರಿ ಜಿಲ್ಲೆ

ಉತ್ತರ: ಅಕ್ಕಾ, ಕೊಡಬೇಡಿ. ಆ ಅರ್ಜಿ ಹರಿದು ಹಾಕಿ, ಆಮೇಲೆ ಮುಂದೆ ಓದಿ.

2016ರ ಕಾಯ್ದೆಯ 20ನೇ ಕಲಂ ಹೇಳೋದು ಇಷ್ಟು: ಸರ್ಕಾರಿ ಸಂಸ್ಥೆಯ ನೌಕರರಿಗೆ ಸೇವೆಯಲ್ಲಿರುವಾಗ ವೈಕಲ್ಯ ಬಂದರೆ ಅವರನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ಕೆಳದರ್ಜೆಗೆ ಇಳಿಸುವ ಹಾಗಿಲ್ಲ. ಮೊದಲಿನ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ, ಅದೇ ಸೌಲಭ್ಯಗಳ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆಯೇ ಖಾಲಿ ಇಲ್ಲ ಅಂದರೆ, ಸಿಗುವ ತನಕ ಅಥವಾ ನಿವೃತ್ತಿ ವಯಸ್ಸಿನ ತನಕ ಹೆಚ್ಚುವರಿ ಹುದ್ದೆಯೊಂದನ್ನು ಮಾಡಿಯಾದರೂ ಇಟ್ಟುಕೊಳ್ಳಬೇಕು. ಸಾರಿಗೆ ನಿಗಮಗಳು ಇದರೊಳಗೇ ಬರುತ್ತವೆ. ಇನ್ನು ಡ್ಯೂಟಿ ಮೇಲೆ ಆದದ್ದೋ ಅಲ್ಲವೋ ಅನ್ನೋದು. ಕಾನೂನಿನಲ್ಲಿರುವ ಮಾತು ‘ಸೇವೆಯಲ್ಲಿರುವಾಗ’ ಅಂತ. ರಜೆಯ ದಿನವೂ ನಿಮ್ಮ ಯಜಮಾನರು ಸೇವೆಯಲ್ಲೇ ಇದ್ದರು.

ನಿಮ್ಮದರ ಹಾಗೇ ಇರುವ ಒಂದು ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ 2008ರಲ್ಲಿ ತೀರ್ಮಾನವಾಗಿದೆ. ಪಂಜಾಬಿನ ವಿದ್ಯುತ್ ಮಂಡಳಿಯಲ್ಲಿ ಭಗವಾನ್ ದಾಸ್ ಅನ್ನುವ ಸಹಾಯಕ ಲೈನ್‌ಮನ್‌ಗೆ ಎರಡೂ ಕಣ್ಣು ಹೋದವು. ತನಗೆ ನಿವೃತ್ತಿ ಕೊಡಿ, ಹೆಂಡತಿಗೆ ಕೆಲಸ ಕೊಡಿ ಅಂತ ಅವರೇ ಪತ್ರ ಬರೆದುಕೊಟ್ಟಿದ್ದರು. ಮಂಡಳಿ ಅದನ್ನೇ ಹಿಡಿದುಕೊಂಡಿತು. ಹಕ್ಕು ಏನಿದೆ ಅಂತ ಗೊತ್ತಿಲ್ಲದ ಮನುಷ್ಯ ಕಷ್ಟದಲ್ಲಿ ಬರೆದ ಪತ್ರವನ್ನು ಅವನ ವಿರುದ್ಧ ಬಳಸುವ ಹಾಗಿಲ್ಲ, ಹಕ್ಕನ್ನು ತಿಳಿಸಿ ಹೇಳಬೇಕಾದ್ದು ಮಂಡಳಿಯ ಕೆಲಸವಾಗಿತ್ತು ಅಂತ ಕೋರ್ಟ್ ಹೇಳಿ, ಅವರನ್ನು ಸೇವೆಗೆ ಸೇರಿಸಿಕೊಳ್ಳಲು ಆದೇಶ ಮಾಡಿತು. ಆದರೆ ಅವರು ಪತ್ರ ಕೊಟ್ಟದ್ದು 1996ರಲ್ಲಿ. ನ್ಯಾಯ ಸಿಗೋದಕ್ಕೆ ಹಿಡಿದ ಕಾಲ ನೋಡಿ! ಅದಕ್ಕೇ ಹೇಳಿದ್ದು, ಅರ್ಜಿ ಹರಿದು ಹಾಕಿ ಅಂತ. 2025ರಲ್ಲೂ ಇಂಥದ್ದೇ ತೀರ್ಪು ಬಂದಿದೆ. ತೆಲಂಗಾಣದ ಸಾರಿಗೆ ಸಂಸ್ಥೆಯ ಡ್ರೈವರ್‌ಗೆ ಬಣ್ಣಗುರುಡು ಅಂತ ನಿವೃತ್ತಿ ಮಾಡಿ ಕಳಿಸಿದ್ದರು. ಬೇರೆ ಹುದ್ದೆ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿತು.

ಈಗ ಮಾಡಬೇಕಾದ್ದು: ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ವೈಕಲ್ಯದ ಪ್ರಮಾಣಪತ್ರಕ್ಕೆ, ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿ) ಅರ್ಜಿ ಹಾಕಿ. ಓಡಾಡೋದು ಕಷ್ಟ ಆದರೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರು ಇದನ್ನೆಲ್ಲ ಮಾಡಿಸಿಕೊಡುತ್ತಾರೆ. ಪ್ರಮಾಣಪತ್ರದ ನಕಲು ಇಟ್ಟು, ‘20ನೇ ಕಲಮಿನ ಪ್ರಕಾರ ಸಮಾನ ವೇತನದ ಬೇರೆ ಹುದ್ದೆ ಕೊಡಿ’ ಅಂತ ಡಿಪೊ ಮ್ಯಾನೇಜರ್ ಮೂಲಕ ಅರ್ಜಿ ಕೊಡಿ. ಸ್ವೀಕೃತಿ ಸೀಲ್ ಇಲ್ಲದೆ ಅಲ್ಲಿಂದ ಎದ್ದು ಬರಬೇಡಿ. ಸ್ಟೋರ್ಸ್, ವಿಚಾರಣೆ ಕೌಂಟರ್, ಕಚೇರಿ ಕೆಲಸ ಹೀಗೆ ಎಲ್ಲಿ ಕೂತು ಮಾಡಬಹುದು ಅಂತ ನಿಮ್ಮ ಯಜಮಾನರೇ ಪಟ್ಟಿ ಮಾಡಿ ಬರೆಯಲಿ. ಡಿಪೊ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಬರೆಯಿರಿ.

ಈ ಕಲಂ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿ ಕಂಪನಿಯ ಡ್ರೈವರ್ ಆಗಿದ್ದರೆ ನಾನು ಇಷ್ಟು ಧೈರ್ಯವಾಗಿ ಬರೆಯಲು ಆಗುತ್ತಿರಲಿಲ್ಲ. ಇದು ಕಾಯ್ದೆಯ ದೊಡ್ಡ ಕೊರತೆ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಮಗನಿಗೆ 22 ವರ್ಷ, ಡೌನ್ ಸಿಂಡ್ರೋಮ್ ಇದೆ. ನನ್ನ ಅಣ್ಣನ ಖಾನಾವಳಿಗೆ ದಿನಾ ಹೋಗ್ತಾನೆ. ಹನ್ನೊಂದರಿಂದ ಮೂರರವರೆಗೆ ನೀರು ಕೊಡ್ತಾನೆ, ತಟ್ಟೆ ಎತ್ತತಾನೆ. ಖುಷಿಯಾಗಿದ್ದಾನೆ. ‘ಸಂಬಳ ಬೇಡ, ಹೊತ್ತು ಹೋದರೆ ಸಾಕು’ ಅಂತ ನಾನೇ ಅಣ್ಣನಿಗೆ ಹೇಳಿದ್ದೇನೆ. ನನ್ನ ಮಗಳು ಮಾತ್ರ ಇದು ತಪ್ಪು ಅಂತ ಜಗಳ ಮಾಡ್ತಾಳೆ.
— ತಾಯಿ, ಧಾರವಾಡ

ಉತ್ತರ: ಮಗಳು ಹೇಳಿದ್ದೇ ಸರಿ. ಅವನು ತಟ್ಟೆ ಎತ್ತದೇ ಇದ್ದರೆ ನಿಮ್ಮ ಅಣ್ಣ ಇನ್ನೊಬ್ಬರನ್ನು ಇಟ್ಟುಕೊಂಡು ಸಂಬಳ ಕೊಡಬೇಕಿತ್ತು ತಾನೆ? ಹಾಗಿದ್ದ ಮೇಲೆ ಇದು ಕೆಲಸ. ಗಂಟೆಗೆ ಇಂತಿಷ್ಟು ಅಂತ ಬೇರೆಯವರಿಗೆ ಕೊಡುವಷ್ಟೇ ಕೊಡಲಿ. ಮಗನ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಲಿ. ತಿಂಗಳ ಮೊದಲ ವಾರ ಅವನನ್ನೇ ಕರೆದುಕೊಂಡು ಹೋಗಿ ಸ್ವಲ್ಪ ದುಡ್ಡು ತೆಗೆಸಿ, ಅವನಿಗೆ ಬೇಕಾದ್ದು ಅವನೇ ಕೊಳ್ಳಲಿ.

ಕೆಲಸ ಇನ್ನಷ್ಟು ಕಲಿಸಬಹುದು. ಒಂದೇ ಸಲಕ್ಕೆ ‘ಟೇಬಲ್ ರೆಡಿ ಮಾಡು’ ಅಂದರೆ ಗೊಂದಲ. ಒರೆಸು, ತಟ್ಟೆ ಇಡು, ಲೋಟ ಇಡು, ಉಪ್ಪಿನಕಾಯಿ ಇಡು ಅಂತ ಬಿಡಿಸಿ, ಒಂದೊಂದಕ್ಕೂ ಒಂದು ಫೋಟೊ ತೆಗೆದು ಗೋಡೆಗೆ ಅಂಟಿಸಿ. ಒಂದು ಪಕ್ಕಾ ಆದ ಮೇಲೆ ಇನ್ನೊಂದು. ಹೊಸದಾಗಿ ಸೇರಿದ ಯಾವ ಹುಡುಗನಿಗೂ ಇದು ಒಳ್ಳೆಯದೇ. ಗಿರಾಕಿಗಳ ಗದ್ದಲ ಜಾಸ್ತಿ ಇರುವ ದಿನ ಅವನಿಗೆ ಹತ್ತು ನಿಮಿಷ ಹೋಗಿ ಕೂರೋಕೆ ಒಂದು ಜಾಗ ಇರಲಿ. ಇಂಥ ಮಕ್ಕಳಿಂದ ಇದೆಲ್ಲ ಆಗುತ್ತಾ ಅಂತ ನಿಮ್ಮ ಅಣ್ಣ ಕೇಳಿದರೆ, ಪಕ್ಕದ ಹುಬ್ಬಳ್ಳಿಯ ಕಾಲೇಜೊಂದರಲ್ಲೇ 2017ರಲ್ಲಿ ಶುರುವಾದ ಮಿಟ್ಟಿ ಕೆಫೆಯ ಉದಾಹರಣೆ ಕೊಡಿ. ಅಲ್ಲಿ ಚಹಾ ಮಾಡೋರು, ಬಡಿಸೋರು ವಿಕಲಚೇತನರೇ. ಈಗ ಬೇರೆ ಬೇರೆ ಊರುಗಳಲ್ಲಿ ಅವರ ಕೆಫೆಗಳಿವೆ.

ಪ್ರಶ್ನೆ: ಆಫೀಸಿನಲ್ಲಿ ಎಲ್ಲರೂ ನನ್ನನ್ನು ‘ಕುಂಟಣ್ಣ’ ಅಂತ ಕರೀತಾರೆ. ಪ್ರೀತಿಯಿಂದಲೇ. ಬೇಡ ಅಂದರೆ ‘ಸೀರಿಯಸ್ ಆಗ್ಬೇಡ ಮಾರಾಯ’ ಅಂತಾರೆ.
— ಗುಮಾಸ್ತ, ಮಂಗಳೂರು

ಉತ್ತರ: ಪ್ರೀತಿ ಇದ್ದರೆ ಹೆಸರು ಹಿಡಿದು ಕರೆಯಲಿ. ‘ಕುಂಟಣ್ಣ’ ಅಂದರೆ ನೀವು ತಿರುಗಿ ನೋಡೋದನ್ನೇ ನಿಲ್ಲಿಸಿ. ಒಂದು ವಾರ ಕಸಿವಿಸಿ ಆಗುತ್ತೆ, ಆಮೇಲೆ ಸರಿಹೋಗುತ್ತೆ. ನಿಲ್ಲದಿದ್ದರೆ, ನಾಲ್ಕು ಜನರ ಎದುರು ವಿಕಲಚೇತನರನ್ನು ಬೇಕಂತಲೇ ಅವಮಾನಿಸಿದರೆ 2016ರ ಕಾಯ್ದೆಯ 92ನೇ ಕಲಮಿನಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಅಂತ ಕ್ಯಾಂಟೀನಿನಲ್ಲಿ ಒಮ್ಮೆ ಜೋರಾಗಿ ಓದಿ ಹೇಳಿ.

ಪ್ರಶ್ನೆ: ನಮ್ಮದು ಆಡಿಟರ್ ಆಫೀಸ್. ವೀಲ್‌ಚೇರ್ ಬಳಸುವ ಹುಡುಗನೊಬ್ಬ ಪರೀಕ್ಷೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದಾನೆ. ಆಫೀಸ್ ನೆಲಮಹಡಿಯಲ್ಲೇ ಇದೆ, ಆದರೆ ಬಾಗಿಲಿಗೆ ಮೂರು ಮೆಟ್ಟಿಲು. ‘ನಾಲ್ಕು ಜನ ಎತ್ತಿ ಒಳಗೆ ಬಿಡ್ತೀವಿ ಸರ್’ ಅಂತ ನಮ್ಮ ಹುಡುಗರು ಹೇಳುತ್ತಿದ್ದಾರೆ. ಸಾಕಲ್ವಾ?
— ಲೆಕ್ಕ ಪರಿಶೋಧಕರು, ಮೈಸೂರು

ಉತ್ತರ: ನಿಮ್ಮ ಹುಡುಗರ ಮನಸ್ಸು ದೊಡ್ಡದು. ಆದರೆ ದಿನಾ ಬೆಳಿಗ್ಗೆ ನಿಮ್ಮನ್ನು ನಾಲ್ಕು ಜನ ಎತ್ತಿಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರೆ ನಿಮಗೆ ಹೇಗನ್ನಿಸುತ್ತೆ? ಕಾಫಿಗೆ ಹೊರಗೆ ಹೋಗಬೇಕಾದರೂ ಅವರನ್ನೇ ಕರೆಯಬೇಕು. ಒಬ್ಬರ ಕಾಲು ಜಾರಿದರೆ ಇಬ್ಬರಿಗೆ ಪೆಟ್ಟು.

ರ‍್ಯಾಂಪ್ ಮಾಡಿಸಿ. ಒಂದು ಅಂಗುಲ ಎತ್ತರಕ್ಕೆ ಹನ್ನೆರಡು ಅಂಗುಲ ಉದ್ದ ಅನ್ನೋದು ಲೆಕ್ಕ. ಮೂರು ಮೆಟ್ಟಿಲು ಸೇರಿ ಒಂದೂವರೆ ಅಡಿ ಇದ್ದರೆ ಹದಿನೆಂಟು ಅಡಿ ಉದ್ದ ಬೇಕು. ಜಾಗ ಇಲ್ಲ ಅಂತ ಮೇಸ್ತ್ರಿ ಆರು ಅಡಿಯಲ್ಲಿ ಮುಗಿಸಲು ನೋಡುತ್ತಾನೆ, ಬಿಡಬೇಡಿ. ಅದು ಸ್ಕೂಟರ್ ಹತ್ತಿಸುವ ಇಳಿಜಾರು. ವೀಲ್‌ಚೇರ್ ಹಿಂದಕ್ಕೆ ಮಗುಚಿಕೊಳ್ಳುತ್ತೆ. ಜಾಗ ಸಾಲದಿದ್ದರೆ ಮಧ್ಯೆ ತಿರುವು ಕೊಟ್ಟು ಎರಡು ತುಂಡು ಮಾಡಿಸಿ, ಎರಡೂ ಕಡೆ ಹಿಡಿಕೆ ಹಾಕಿಸಿ.

ರ‍್ಯಾಂಪಿಗಿಂತ ಮೊದಲು ನೋಡಬೇಕಾದ್ದು ಶೌಚಾಲಯ. ಬಾಗಿಲು 90 ಸೆಂ.ಮೀ. ಅಗಲ ಇರಬೇಕು, ಹೊರಗಡೆಗೆ ತೆರೆಯಬೇಕು. ಒಳಗೆ ಕುರ್ಚಿ ತಿರುಗಲು ಐದು ಅಡಿ ಜಾಗ, ಪಕ್ಕದಲ್ಲಿ ಹಿಡಿಕೆ, ಕೂರುವ ಕಮೋಡ್. ಶೌಚಾಲಯ ಸರಿ ಇಲ್ಲದ ಕಡೆ ವೀಲ್‌ಚೇರಿನವರು ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೆಲಸ ಮಾಡುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಕಾಮಗಾರಿ ಮುಗಿಯುವ ತನಕ ಮನೆಯಿಂದಲೇ ಕೆಲಸ ಮಾಡಲಿ, ನಿಮ್ಮ ಕೆಲಸಕ್ಕೆ ಅದೇನೂ ತೊಂದರೆಯಿಲ್ಲ. ಆಫರ್ ಲೆಟರ್ ಮಾತ್ರ ಇವತ್ತೇ ಕಳಿಸಿ. ಮೇಸ್ತ್ರಿ ಟೇಪು ಹಿಡಿದು ಅಳೆಯೋಕೆ ಬರುವ ದಿನ ಆ ಹುಡುಗನನ್ನೂ ಕರೆಸಿಕೊಳ್ಳಿ, ಓಡಾಟದ ಖರ್ಚು ಆಫೀಸಿನದ್ದು.